ಬಿಸಿಲನಾಡಿನಲ್ಲಿ ಫೋನ್ ಕೊಳ್ಳುವ ಮುನ್ನ: ಪ್ರೊಸೆಸರ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಬಳ್ಳಾರಿ, ರಾಯಚೂರು, ಕೊಪ್ಪಳದಲ್ಲಿ ಏಪ್ರಿಲ್, ಮೇ ಬಂತೆಂದರೆ ನೆರಳಿನಲ್ಲೇ 40 ಡಿಗ್ರಿ ದಾಟುತ್ತದೆ. ಫೋನ್ ವಿಮರ್ಶೆಗಳು ಮಾತ್ರ ಹೆಚ್ಚಾಗಿ ತಂಪು ಕೋಣೆಯಲ್ಲಿ ಕೂತು ಮಾಡಿದವು. ಅಲ್ಲಿ ಚೆನ್ನಾಗಿ ಓಡಿದ ಫೋನ್ ಸಿಂಧನೂರಿನ ಗದ್ದೆಯ ಬದುವಿನ ಮೇಲೆ ಹಾಗೇ ಓಡುತ್ತದೆ ಎನ್ನುವಂತಿಲ್ಲ. ಅದಕ್ಕೇ ಈ ಪುಟದಲ್ಲಿ ಪ್ರತಿ ಪ್ರೊಸೆಸರನ್ನೂ ಒಂದೇ ಪ್ರಶ್ನೆಯಿಂದ ಅಳೆದಿದ್ದೇವೆ: ಮೇ ತಿಂಗಳ ಮಧ್ಯಾಹ್ನ ಎರಡು ಗಂಟೆಗೆ ಇದರಲ್ಲಿ ಎಷ್ಟು ವೇಗ ಉಳಿದಿರುತ್ತದೆ?

ಪ್ರೊಸೆಸರ್ ಅಂದ್ರ ಫೋನಿನೊಳಗ ಏನು ಮಾಡ್ತದ್ರಿ?

ಉಗುರಿನಷ್ಟು ಅಗಲದ ಒಂದು ಚಿಪ್. ಅದರೊಳಗೆ ಲೆಕ್ಕ ಮಾಡುವ ಸಿಪಿಯು, ಪರದೆಯ ಚಿತ್ರ ಮತ್ತು ಆಟ ಮೂಡಿಸುವ ಜಿಪಿಯು, ನೆಟ್‌ವರ್ಕ್ ಹಿಡಿಯುವ ಮೋಡೆಮ್, ಕ್ಯಾಮೆರಾ ಚಿತ್ರ ಹದ ಮಾಡುವ ಐಎಸ್‌ಪಿ, ಜಿಪಿಎಸ್ ಎಲ್ಲ ಒಟ್ಟಿಗೇ ಇರುತ್ತವೆ. ಹಾಗಾಗಿ ಪ್ರೊಸೆಸರ್ ಆರಿಸಿದಾಗಲೇ ವಿಡಿಯೊ ಎಷ್ಟು ಸ್ಪಷ್ಟ ಬರಬಹುದು, ಯಾವ 5ಜಿ ಸಿಗಬಹುದು, ಯಾವ ಬಗೆಯ ಸ್ಟೋರೇಜ್ ಹಾಕಬಹುದು ಎಂಬುದಕ್ಕೆಲ್ಲ ಗೆರೆ ಎಳೆದಂತಾಗುತ್ತದೆ. ಬ್ಯಾಟರಿ, ಡಿಸ್‌ಪ್ಲೇ ಹೋದರೆ ಬದಲಿಸಬಹುದು. ಪ್ರೊಸೆಸರನ್ನು ಬೋರ್ಡಿಗೆ ಬೆಸೆದಿರುತ್ತಾರೆ, ಕೊಂಡ ಮೇಲೆ ಅದೇ ಗತಿ.

ಎಂಟು ಕೋರ್ ಅದ ಅಂತ ಅಂಗಡ್ಯಾಗ ಹೇಳ್ತಾರ. ಅಷ್ಟು ಸಾಕೇನು?

ಸಾಲದು. ಕೋರ್ ಎಂದರೆ ಸಿಪಿಯು ಒಳಗೆ ಲೆಕ್ಕ ಮಾಡುವ ಒಂದೊಂದು ಘಟಕ. ಏಳು ಸಾವಿರದ ಫೋನಿನಲ್ಲೂ ಎಂಟು ಕೋರ್ ಇರುತ್ತದೆ, ಎಪ್ಪತ್ತು ಸಾವಿರದ್ದರಲ್ಲೂ ಇರುತ್ತದೆ. ಆಪಲ್ ಐಫೋನಿನಲ್ಲಿ ಆರೇ ಕೋರ್.

ಗಂಗಾವತಿ ಕಡೆ ಭತ್ತದ ನಾಟಿಗೆ ಎಂಟು ಆಳು ಇಳಿದರೆ ಕೆಲಸ ಹಂಚಿಹೋಗುತ್ತದೆ. ಟ್ರ್ಯಾಕ್ಟರ್ ಓಡಿಸಲು ಎಂಟು ಜನ ಕೂತರೆ ಬೇಗ ಆಗುವುದಿಲ್ಲ, ಓಡಿಸುವವನು ಒಬ್ಬನೇ. ಫೋನಿನಲ್ಲಿ ಆ್ಯಪ್ ತೆರೆಯುವುದು, ಕೀಬೋರ್ಡ್ ಮೂಡುವುದು, ಯುಪಿಐ ಪಾವತಿ ಮುಂದಕ್ಕೆ ಹೋಗುವುದು ಬಹುಪಾಲು ಇಂಥ ಒಬ್ಬನ ಕೆಲಸ. ಅಲ್ಲಿ ಬೇಕಾಗುವುದು ಒಂದೆರಡು ಬಲವಾದ ಕೋರ್.

ಆದ್ದರಿಂದ ಕೋರ್ ಯಾವ ಜಾತಿಯದು ಎಂದು ನೋಡಬೇಕು. ಕೋರ್ ವಿನ್ಯಾಸ ಮಾಡುವ ಆರ್ಮ್ ಕಂಪನಿಯ ಎ53, ಎ55 ಸಣ್ಣ ಕೋರ್‌ಗಳು. ಎ73, ಎ75, ಎ76, ಎ78, ಎ715, ಎ720 ದೊಡ್ಡವು, ಈ ಸಾಲಿನಲ್ಲಿ ಮುಂದೆ ಹೋದಷ್ಟೂ ಹೊಸದು. ಮೀಡಿಯಾಟೆಕ್ ಕಂಪನಿಯ ಹೀಲಿಯೋ, ಡೈಮೆನ್ಸಿಟಿ ಚಿಪ್‌ಗಳನ್ನೇ ನೋಡಿ. ಹೀಲಿಯೋ ಜಿ35, ಜಿ36ರಲ್ಲಿ ಎಂಟಕ್ಕೆ ಎಂಟೂ ಎ53. ಹೀಲಿಯೋ ಜಿ99ರಲ್ಲಿ ಎರಡು ಎ76, ಆರು ಎ55. ಡೈಮೆನ್ಸಿಟಿ 7300ರಲ್ಲಿ ನಾಲ್ಕು ಎ78, ನಾಲ್ಕು ಎ55. ಮೂರರ ಡಬ್ಬಿಯ ಮೇಲೂ «ಆಕ್ಟಾ ಕೋರ್» ಎಂದೇ ಬರೆದಿರುತ್ತದೆ. ಕೈಯಲ್ಲಿ ಹಿಡಿದರೆ ಮೂರೂ ಬೇರೆ ಬೇರೆ ಫೋನ್. ಎಂಟೂ ಎ53 ಇರುವುದನ್ನು ಈಗ ಕೊಳ್ಳಬೇಡಿ, ಎಷ್ಟೇ ಅಗ್ಗ ಇರಲಿ.

ನ್ಯಾನೋಮೀಟರ್ ಅಂದ್ರ ಏನು? ಅದನ್ನ ಯಾಕ ನೋಡಬೇಕು?

ಚಿಪ್ ತಯಾರಿಕೆಯ ತಲೆಮಾರಿಗೆ ಇಟ್ಟ ಹೆಸರು ಅದು. 12, 6, 4, 3 ಎಂದು ಇಳಿದಂತೆ ಅದೇ ಕೆಲಸಕ್ಕೆ ಕಡಿಮೆ ಕರೆಂಟ್ ಸಾಕಾಗುತ್ತದೆ, ಬಿಸಿಯೂ ಕಡಿಮೆ. ನಮ್ಮ ಕಡೆ ಗಿಗಾಹರ್ಟ್ಸ್‌ಗಿಂತ ಮೊದಲು ಕೇಳಬೇಕಾದ ಸಂಖ್ಯೆ ಇದು. ಹೀಲಿಯೋ ಜಿ85, ಜಿ81, ಯುನಿಸಾಕ್ ಟಿ606, ಟಿ612 ಇವೆಲ್ಲ 12 ನ್ಯಾನೋಮೀಟರ್. ಹೀಲಿಯೋ ಜಿ99, ಡೈಮೆನ್ಸಿಟಿ 6300, ಕ್ವಾಲ್ಕಾಮ್ ಕಂಪನಿಯ ಸ್ನ್ಯಾಪ್‌ಡ್ರಾಗನ್ 680 ಇವು 6. ಡೈಮೆನ್ಸಿಟಿ 7200, 7300, ಸ್ನ್ಯಾಪ್‌ಡ್ರಾಗನ್ 4 ಜೆನ್ 2, 7ಎಸ್ ಜೆನ್ 3 ಇವು 4.

ಸಂಖ್ಯೆ ಒಂದೇ ಇದ್ದರೂ ಯಾರ ಕಾರ್ಖಾನೆಯಲ್ಲಿ ಆಯಿತು ಎಂಬುದೂ ಸೇರುತ್ತದೆ. ಇದಕ್ಕೆ 2022ರಲ್ಲಿ ಒಳ್ಳೆಯ ಪಾಠ ಸಿಕ್ಕಿತು. ಸ್ನ್ಯಾಪ್‌ಡ್ರಾಗನ್ 8 ಜೆನ್ 1 ಸ್ಯಾಮ್‌ಸಂಗ್ ಕಾರ್ಖಾನೆಯ 4 ನ್ಯಾನೋಮೀಟರ್ ಚಿಪ್, ಬಿಸಿಗೆ ಹೆಸರಾಯಿತು. ಅದೇ ವರ್ಷ ಹೆಚ್ಚುಕಡಿಮೆ ಅದೇ ವಿನ್ಯಾಸವನ್ನು ತೈವಾನಿನ ಟಿಎಸ್‌ಎಂಸಿಯಲ್ಲಿ ಮಾಡಿಸಿ 8 ಪ್ಲಸ್ ಜೆನ್ 1 ಎಂದು ತಂದರು. ವೇಗ ತುಸು ಏರಿತು, ಕರೆಂಟ್ ಖರ್ಚು ಇಳಿಯಿತು, ಬಿಸಿಯ ದೂರು ಬಹಳ ಕಡಿಮೆಯಾಯಿತು. ವಿನ್ಯಾಸ ಒಂದೇ ಇದ್ದೂ ಇಷ್ಟು ವ್ಯತ್ಯಾಸ ಬಂದದ್ದು ತಯಾರಿಕೆಯಿಂದ.

ಬ್ಯಾಸಿಗ್ಯಾಗ ಮಧ್ಯಾಹ್ನ ಫೋನ್ ಯಾಕ ನಿಧಾನ ಆಗ್ತದ? ರಾತ್ರಿ ಮತ್ತ ಸರಿ ಆಗ್ತದಲ್ಲ?

ಇದು ಈ ಪುಟದ ಮುಖ್ಯ ಪ್ರಶ್ನೆ, ಸ್ವಲ್ಪ ನಿಧಾನವಾಗಿ ಓದಿ.

ಫೋನಿಗೆ ಫ್ಯಾನ್ ಇಲ್ಲ. ಒಳಗೆ ಹುಟ್ಟಿದ ಬಿಸಿ ಹಿಂಬದಿ ಮತ್ತು ಅಂಚುಗಳಿಂದ ಗಾಳಿಗೆ ಹೋಗಬೇಕು. ಎಷ್ಟು ಹೋಗುತ್ತದೆ ಎಂಬುದು ಫೋನಿನ ಮೈ ಬಿಸಿಗೂ ಹೊರಗಿನ ಗಾಳಿಗೂ ಇರುವ ಅಂತರದ ಮೇಲೆ ನಿಂತಿದೆ. ಕೈ ಸುಡಬಾರದೆಂದು ಮೈ ಬಿಸಿ ಸುಮಾರು 43ರಿಂದ 45 ಡಿಗ್ರಿ ಮುಟ್ಟುವ ಹೊತ್ತಿಗೆ ಫೋನ್ ತಾನೇ ಹಿಡಿತ ಬಿಗಿ ಮಾಡುತ್ತದೆ. ಈಗ ಲೆಕ್ಕ ಹಾಕಿ: 25 ಡಿಗ್ರಿಯ ಕೋಣೆಯಲ್ಲಿ ಅಂತರ ಸುಮಾರು 20 ಡಿಗ್ರಿ. ರಾಯಚೂರಿನಲ್ಲಿ 42 ಡಿಗ್ರಿ ಇರುವ ಮಧ್ಯಾಹ್ನ ಅಂತರ ಮೂರೇ ಡಿಗ್ರಿ. ಅದೇ ಫೋನು, ಅದೇ ಚಿಪ್ಪು, ಆದರೆ ಬಿಸಿ ಹೊರಹೋಗುವ ದಾರಿ ಏಳರಲ್ಲಿ ಒಂದು ಪಾಲಿಗೆ ಇಳಿದಿದೆ. ನೇರ ಬಿಸಿಲಿಗೆ ಹಿಡಿದರೆ ಅದೂ ಇಲ್ಲ, ಹೊರಗಿನಿಂದಲೇ ಒಳಗೆ ಬಿಸಿ ನುಗ್ಗುತ್ತದೆ.

ಇನ್ನೊಂದು ತೊಡಕು: ಚಿಪ್ ಬಿಸಿಯಾದಷ್ಟೂ ಅದರೊಳಗೆ ಸುಮ್ಮನೆ ಸೋರಿಹೋಗುವ ಕರೆಂಟ್ ಹೆಚ್ಚುತ್ತದೆ. ಸೋರಿದ ಕರೆಂಟ್ ಮತ್ತೆ ಬಿಸಿಯಾಗುತ್ತದೆ. ಈ ಸುತ್ತು ಮುರಿಯಲು ಫೋನ್ ವೇಗ ಇಳಿಸುತ್ತದೆ, ಇದಕ್ಕೇ ಥ್ರಾಟ್ಲಿಂಗ್ ಎನ್ನುವುದು. ಸಾಮಾನ್ಯವಾಗಿ ಮೊದಲು ಆಟದ ಫ್ರೇಮ್, ಅಂದರೆ ಸೆಕೆಂಡಿಗೆ ಮೂಡುವ ಚಿತ್ರಗಳ ಸಂಖ್ಯೆ, ಬೀಳುತ್ತದೆ, ಪರದೆ ಮಂಕಾಗುತ್ತದೆ, ಚಾರ್ಜಿಂಗ್ ನಿಧಾನವಾಗುತ್ತದೆ ಇಲ್ಲವೇ ನಿಂತೇ ಹೋಗುತ್ತದೆ, ಕ್ಯಾಮೆರಾ ಫ್ಲ್ಯಾಷ್ ಕೈಕೊಡುತ್ತದೆ. ಕೊನೆಗೆ «ಫೋನ್ ತಣ್ಣಗಾಗಬೇಕು» ಎಂಬ ಸೂಚನೆ ಬರುತ್ತದೆ. ಇದು ಕೆಟ್ಟುಹೋದ ಲಕ್ಷಣ ಅಂದುಕೊಳ್ಳಬೇಡಿ, ತನ್ನನ್ನು ಉಳಿಸಿಕೊಳ್ಳುವ ವ್ಯವಸ್ಥೆ ಅದು.

ದುಬಾರಿ ಫೋನುಗಳಿಗೂ ಇದರಿಂದ ಬಿಡುಗಡೆ ಇಲ್ಲ. ಐಫೋನ್ ಬಳಸಲು ಆಪಲ್ ಹೇಳುವ ಹೊರಗಿನ ಉಷ್ಣತೆ 0ಯಿಂದ 35 ಡಿಗ್ರಿ. ನಮ್ಮಲ್ಲಿ ಬೇಸಿಗೆಯ ಬೆಳಿಗ್ಗೆ ಹತ್ತಕ್ಕೇ ಅದು ದಾಟಿರುತ್ತದೆ. ಇವತ್ತಿನ ದೊಡ್ಡ ಚಿಪ್‌ಗಳು ಪೂರ್ತಿ ವೇಗದಲ್ಲಿ 10 ವಾಟ್‌ಗಿಂತ ಹೆಚ್ಚು ಎಳೆಯುತ್ತವೆ, ಫೋನಿನ ಮೈ ನಿರಂತರವಾಗಿ ಹೊರಹಾಕಬಲ್ಲದ್ದು ತಂಪು ಕೋಣೆಯಲ್ಲೂ ಅದರ ಅರ್ಧಕ್ಕಿಂತ ಕಡಿಮೆ. ಹೀಗಾಗಿ ಬಿಸಿಲಲ್ಲಿ ಬಳಸುವವರಿಗೆ, ಕಡಿಮೆ ವಾಟ್‌ನಲ್ಲಿ ಹೆಚ್ಚು ಕೆಲಸ ಮುಗಿಸುವ 4 ನ್ಯಾನೋಮೀಟರಿನ ಮಧ್ಯಮ ಚಿಪ್, ಬಿಸಿಗೆ ಹೆಸರಾದ ಹಳೆಯ ದೊಡ್ಡ ಚಿಪ್‌ಗಿಂತ ಮೇಲು.

ಸ್ನ್ಯಾಪ್‌ಡ್ರಾಗನ್ ಹೆಸರಿನ್ಯಾಗ 4, 6, 7, 8, ಎಸ್, ಪ್ಲಸ್ ಅಂತ ಇರ್ತಾವಲ್ಲ, ಹ್ಯಾಂಗ ಓದಬೇಕು?

ಮೊದಲ ಅಂಕಿ ದರ್ಜೆ, ಜೆನ್ ನಂತರದ ಅಂಕಿ ತಲೆಮಾರು. ದರ್ಜೆಯನ್ನು ಮೊದಲು ನೋಡಿ: 6 ಜೆನ್ 3 ಎಂಬುದು 8 ಜೆನ್ 1ಕ್ಕಿಂತ ಹೊಸದು, ಆದರೆ ಅದಕ್ಕಿಂತ ಬಲಶಾಲಿ ಅಲ್ಲ. ಪ್ಲಸ್ ಇದ್ದರೆ ಬಲ ಹೆಚ್ಚು. 7 ಪ್ಲಸ್ ಜೆನ್ 3 ತನ್ನ ದರ್ಜೆ ಮೀರಿ 8ರ ಹತ್ತಿರ ಓಡುತ್ತದೆ. ಎಸ್ ಇದ್ದರೆ ಅದೇ ಹೆಸರಿನ ಕತ್ತರಿಸಿದ ಆವೃತ್ತಿ ಎಂದು ತಿಳಿಯಿರಿ.

ಎಚ್ಚರ ಬೇಕಾದದ್ದು ಹೊಸ ಹೆಸರಿನ ಹಳೆ ಚಿಪ್‌ಗಳ ವಿಷಯದಲ್ಲಿ. ಸ್ನ್ಯಾಪ್‌ಡ್ರಾಗನ್ 6ಎಸ್ ಜೆನ್ 3 ಎಂದರೆ ಹೊಸದೆನಿಸುತ್ತದೆ, ಒಳಗಿರುವುದು 2021ರ ಸ್ನ್ಯಾಪ್‌ಡ್ರಾಗನ್ 695ರ ವಿನ್ಯಾಸ: 6 ನ್ಯಾನೋಮೀಟರ್, ಎರಡು ಎ78, ಆರು ಎ55. ಮೀಡಿಯಾಟೆಕ್ ಕೂಡ ಇದನ್ನೇ ಮಾಡುತ್ತದೆ. ಡೈಮೆನ್ಸಿಟಿ 6020 ಎಂದರೆ ಹಳೆಯ 700, 6080 ಎಂದರೆ ಹಳೆಯ 810, 7050 ಎಂದರೆ ಹಳೆಯ 1080. ಹಳೆಯದೆಂದ ಮಾತ್ರಕ್ಕೆ ಕೆಟ್ಟದ್ದಲ್ಲ, 7050 ಇವತ್ತಿಗೂ ಒಳ್ಳೆಯ ಚಿಪ್. ಹೊಸದರ ಬೆಲೆ ಕೊಡಬೇಡಿ, ಅಷ್ಟೆ. ಹೆಸರಿನ ಕೊನೆಗೆ ಅಂಟಿಸುವ ಅಲ್ಟ್ರಾ, ಎನರ್ಜಿ, ಎಕ್ಸ್ ಮುಂತಾದ ಬಾಲಗಳು ಬಹುತೇಕ ಫೋನ್ ಕಂಪನಿಯ ಸಣ್ಣ ಹೊಂದಾಣಿಕೆಗಳು. ಕೋರ್‌ಗಳು ಅವೇ ಇರುತ್ತವೆ.

ಮೀಡಿಯಾಟೆಕ್ ಫೋನ್ ಬಿಸಿ ಆಗ್ತಾವ ಅಂತಾರ. ಖರೇನಾ?

ಹತ್ತು ವರ್ಷದ ಹಿಂದಿನ ಮಾತು ಇನ್ನೂ ಅಂಗಡಿಗಳಲ್ಲಿ ಓಡಾಡುತ್ತಿದೆ. ಈಗಿನ ಡೈಮೆನ್ಸಿಟಿ ಚಿಪ್‌ಗಳು ಟಿಎಸ್‌ಎಂಸಿಯಲ್ಲಿ ತಯಾರಾಗುತ್ತವೆ. ಡೈಮೆನ್ಸಿಟಿ 7200, 7300, 8300 ಬಿಸಿ ತಡೆಯುವುದರಲ್ಲಿ ತಮ್ಮ ಬೆಲೆಯ ಸ್ನ್ಯಾಪ್‌ಡ್ರಾಗನ್‌ಗೆ ಸಮ, ಕೆಲವೆಡೆ ಮೇಲು. ತಿರುಗಿಸಿ ನೋಡಿದರೆ 2021ರ ಸ್ನ್ಯಾಪ್‌ಡ್ರಾಗನ್ 888 ಬಿಸಿಗೆ ಮನೆಮಾತಾಗಿತ್ತು. ಗೂಗಲ್ ಪಿಕ್ಸೆಲ್‌ನ ಟೆನ್ಸರ್ ಚಿಪ್ ಜಿ4ರವರೆಗೂ ಸ್ಯಾಮ್‌ಸಂಗ್ ಕಾರ್ಖಾನೆಯದು, ಬೇಸಿಗೆಯಲ್ಲಿ ಅವು ಬೇಗ ಬಳಲುತ್ತವೆ. 2025ರ ಟೆನ್ಸರ್ ಜಿ5 ಟಿಎಸ್‌ಎಂಸಿಯ 3 ನ್ಯಾನೋಮೀಟರಿಗೆ ಬಂದಿದೆ. ಕಂಪನಿಯ ಹೆಸರು ಬಿಟ್ಟು ಒಂದೊಂದು ಚಿಪ್ಪನ್ನೂ ಬೇರೆಬೇರೆಯಾಗಿ ನೋಡಿ.

ನಮ್ಮ ಬಜೆಟ್‌ನ್ಯಾಗ ಯಾವುದು ಹುಡುಕಬೇಕು?

ಬೆಲೆ ಹಬ್ಬಕ್ಕೊಂದು, ತಿಂಗಳಿಗೊಂದು ಆಗುತ್ತದೆ. ಕೆಳಗಿನ ಮಟ್ಟಗಳನ್ನು ಅಂದಾಜೆಂದೇ ಹಿಡಿಯಿರಿ, ಚಿಪ್ಪಿನ ಹೆಸರನ್ನು ಮಾತ್ರ ಚೀಟಿಯಲ್ಲಿ ಬರೆದುಕೊಂಡು ಹೋಗಿ.

10,000 ರೂಪಾಯಿ ಆಸುಪಾಸು: ಕರೆ, ವಾಟ್ಸ್ಆ್ಯಪ್, ಯುಪಿಐ, ಯೂಟ್ಯೂಬ್ ಸಾಕೆನ್ನುವವರಿಗೆ ಹೀಲಿಯೋ ಜಿ99 ಅಥವಾ ಅದೇ ಕುಟುಂಬದ ಜಿ100. 5ಜಿ ಬೇಕಿದ್ದರೆ ಡೈಮೆನ್ಸಿಟಿ 6300 ಇಲ್ಲವೇ ಸ್ನ್ಯಾಪ್‌ಡ್ರಾಗನ್ 4 ಜೆನ್ 2. ಈ ಮಟ್ಟದಲ್ಲಿ 12 ನ್ಯಾನೋಮೀಟರ್ ಚಿಪ್‌ಗಳದ್ದೇ ಜಾತ್ರೆ. ಸಾವಿರ ರೂಪಾಯಿ ಉಳಿಸಲು ಅದಕ್ಕೆ ಇಳಿದರೆ ಆರು ತಿಂಗಳಲ್ಲಿ ಪಶ್ಚಾತ್ತಾಪ ಖಾತ್ರಿ.

12ರಿಂದ 16 ಸಾವಿರ: ಇಲ್ಲೂ ಬಹಳ ಫೋನುಗಳಲ್ಲಿ ಅದೇ ಡೈಮೆನ್ಸಿಟಿ 6300 ಹಾಕಿ, ಕ್ಯಾಮೆರಾ ಮೆಗಾಪಿಕ್ಸೆಲ್ ತೋರಿಸಿ ಮಾರುತ್ತಾರೆ. ಬಲೆಗೆ ಬೀಳಬೇಡಿ. ಎ78 ಕೋರ್ ಇರುವುದನ್ನು ಹಟ ಹಿಡಿದು ಕೇಳಿ: ಡೈಮೆನ್ಸಿಟಿ 7025, 7050, ಸ್ಯಾಮ್‌ಸಂಗ್‌ನ ಎಕ್ಸಿನೋಸ್ 1330. ಆಫರ್‌ನಲ್ಲಿ 7300 ಕೆಳಗಿಳಿದು ಬಂದರೆ ಹಿಂದೆಮುಂದೆ ನೋಡಬೇಡಿ.

16ರಿಂದ 25 ಸಾವಿರ: ನಮ್ಮ ಜಿಲ್ಲೆಗಳಿಗೆ ಹೆಚ್ಚು ಹೊಂದುವ ಮಟ್ಟ ಇದು. ಡೈಮೆನ್ಸಿಟಿ 7300, 7200, ಸ್ನ್ಯಾಪ್‌ಡ್ರಾಗನ್ 7ಎಸ್ ಜೆನ್ 3, 7 ಜೆನ್ 3. ನಾಲ್ಕೂ 4 ನ್ಯಾನೋಮೀಟರ್, ನಾಲ್ಕೂ ತಣ್ಣಗೆ ಓಡುವಂಥವು. ಸ್ಯಾಮ್‌ಸಂಗ್‌ನ 5 ನ್ಯಾನೋಮೀಟರಿನ ಎಕ್ಸಿನೋಸ್ 1380 ಕೂಡ ದಿನಬಳಕೆಗೆ ಸಾಕು, ಗಂಟೆಗಟ್ಟಲೆ ಆಟಕ್ಕೆ ಅಲ್ಲ.

ಅದರ ಮೇಲೆ: ಸ್ನ್ಯಾಪ್‌ಡ್ರಾಗನ್ 7 ಪ್ಲಸ್ ಜೆನ್ 3, 8ಎಸ್ ಜೆನ್ 3, ಡೈಮೆನ್ಸಿಟಿ 8300, 8400. ಈ ಶಕ್ತಿ ಆಟಕ್ಕೆ, ವಿಡಿಯೊ ಎಡಿಟಿಂಗ್‌ಗೆ ಬೇಕು. ಕರೆ, ವಾಟ್ಸ್ಆ್ಯಪ್‌ಗೆ 25 ಸಾವಿರ ಮೇಲೆ ಹಾಕುವ ಹಣ ಕ್ಯಾಮೆರಾ ಮತ್ತು ಪರದೆಗೆ ಹೋಗುತ್ತದೆ, ವೇಗದ ಅನುಭವಕ್ಕೆ ಅಷ್ಟಾಗಿ ಸೇರುವುದಿಲ್ಲ.

5ಜಿ ಫೋನ್ ತಗೊಂಡೀವಿ, ಒಂದು ಸಿಮ್‌ಗೆ ಬರ್ತದ, ಇನ್ನೊಂದಕ್ಕ ಬರಂಗಿಲ್ಲ. ಯಾಕ?

ಭಾರತದಲ್ಲಿ 5ಜಿ 2022ರ ಅಕ್ಟೋಬರ್ 1ರಂದು ಆರಂಭವಾಯಿತು, ಎರಡು ಬಗೆಯಲ್ಲಿ. ಜಿಯೋದು ಎಸ್‌ಎ, ಅಂದರೆ 5ಜಿ ತನ್ನ ಕಾಲ ಮೇಲೇ ನಿಂತದ್ದು. ಏರ್‌ಟೆಲ್ ಹೆಚ್ಚಾಗಿ ಎನ್‌ಎಸ್‌ಎ ಕಟ್ಟಿತು, ಅಂದರೆ 4ಜಿಯ ಹೆಗಲ ಮೇಲೆ ಕೂತದ್ದು. ಚಿಪ್‌ಗೆ ಎರಡೂ ಬರಬೇಕು. ಅಗ್ಗದ ಸ್ನ್ಯಾಪ್‌ಡ್ರಾಗನ್ 4ಎಸ್ ಜೆನ್ 2ಕ್ಕೆ ಎಸ್‌ಎ ಮಾತ್ರ ಗೊತ್ತು. ಅದರಲ್ಲಿ ಏರ್‌ಟೆಲ್ ಸಿಮ್ ಹಾಕಿದರೆ ಎನ್‌ಎಸ್‌ಎ ಇರುವ ಕಡೆ 4ಜಿಯಲ್ಲೇ ಉಳಿಯುತ್ತದೆ. ಕೊಳ್ಳುವ ಮೊದಲು ವಿವರ ಪಟ್ಟಿಯಲ್ಲಿ «ಎಸ್‌ಎ, ಎನ್‌ಎಸ್‌ಎ» ಎರಡೂ ಇವೆಯೇ, ಬ್ಯಾಂಡ್‌ಗಳಲ್ಲಿ ಎನ್78 ಮತ್ತು ಎನ್28 ಇವೆಯೇ ನೋಡಿ. ಎನ್28 ಎಂದರೆ 700 ಮೆಗಾಹರ್ಟ್ಸ್, ದೂರದವರೆಗೆ ತಲುಪುವ ಅಲೆ, ಜಿಯೋ ಬಳಸುತ್ತದೆ. ಹಳ್ಳಿಯವರಿಗೆ ಮುಖ್ಯ.

ನಿಮ್ಮ ಊರಲ್ಲಿ 5ಜಿ ಒಂದೇ ಗೆರೆ ತೋರಿಸುತ್ತಿದ್ದರೆ ಸೆಟ್ಟಿಂಗ್ಸ್‌ನಲ್ಲಿ ನೆಟ್‌ವರ್ಕ್ ಬಗೆಯನ್ನು 4ಜಿಗೆ ಇಳಿಸಿ. ದುರ್ಬಲ ಸಿಗ್ನಲ್ ಹುಡುಕುವಾಗ ಮೋಡೆಮ್ ಬಹಳ ಕರೆಂಟ್ ತಿನ್ನುತ್ತದೆ. ಜೇಬಿನಲ್ಲಿ ಸುಮ್ಮನಿದ್ದ ಫೋನ್ ಬೆಚ್ಚಗಾಗಿದ್ದರೆ ಎಷ್ಟೋ ಸಲ ಕಾರಣ ಇದೇ.

ರ‍್ಯಾಮ್ 8 ಪ್ಲಸ್ 8 ಅಂತ ಬರೆದಾರ. 16 ಜಿಬಿ ಆತೇನು?

ಇಲ್ಲ. ಎರಡನೇ 8 ಜಿಬಿಯನ್ನು ಸ್ಟೋರೇಜ್‌ನಿಂದ ಕಡ ತಂದಿರುತ್ತಾರೆ. ಅದು ರ‍್ಯಾಮ್‌ನ ವೇಗಕ್ಕೆ ಹತ್ತಿರವೂ ಬರುವುದಿಲ್ಲ. ನಿಜವಾದ ರ‍್ಯಾಮ್ 6 ಜಿಬಿ ಕನಿಷ್ಠ, 8 ಇದ್ದರೆ ನೆಮ್ಮದಿ.

ರ‍್ಯಾಮ್‌ಗಿಂತ ಹೆಚ್ಚು ಜನ ಮರೆಯುವುದು ಸ್ಟೋರೇಜ್ ಬಗೆ. ಹಳೆಯ ಬಗೆಯಾದ ಇಎಂಎಂಸಿ 5.1 ಸೆಕೆಂಡಿಗೆ ಸುಮಾರು 300 ಎಂಬಿ ಓದುತ್ತದೆ. ಹೊಸ ಬಗೆಯಾದ ಯುಎಫ್‌ಎಸ್ 2.2 ಸುಮಾರು ಅದರ ಮೂರು ಪಟ್ಟು, ಯುಎಫ್‌ಎಸ್ 3.1 ಆರು ಪಟ್ಟಿನ ಹತ್ತಿರ. ಇನ್ನೊಂದು ವ್ಯತ್ಯಾಸ ಬಳಕೆಯಲ್ಲಿ ಎದ್ದು ಕಾಣುತ್ತದೆ: ಇಎಂಎಂಸಿ ಓದುವಾಗ ಬರೆಯಲಾರದು, ಬರೆಯುವಾಗ ಓದಲಾರದು. ವಾಟ್ಸ್ಆ್ಯಪ್ ಗುಂಪಿನ ವಿಡಿಯೊಗಳು ಇಳಿಯುತ್ತಿರುವಾಗಲೇ ಕಿರಾಣಿ ಅಂಗಡಿಯ ಮುಂದೆ ಯುಪಿಐ ತೆರೆದರೆ ಬಿಳಿ ಪರದೆ ಬಂದು ನಿಲ್ಲುವುದು ಇದರಿಂದ. ಹೀಲಿಯೋ ಜಿ85ಕ್ಕೆ ಇಎಂಎಂಸಿ ಬಿಟ್ಟರೆ ಬೇರೆ ಗತಿಯಿಲ್ಲ, ಜಿ99 ಮತ್ತು ಡೈಮೆನ್ಸಿಟಿ 6300 ಯುಎಫ್‌ಎಸ್ 2.2 ತೆಗೆದುಕೊಳ್ಳುತ್ತವೆ. ತೆಗೆದುಕೊಳ್ಳುತ್ತದೆ ಎಂದ ಮಾತ್ರಕ್ಕೆ ಕಂಪನಿ ಹಾಕಿರುತ್ತದೆ ಎಂದಲ್ಲ, ಪಟ್ಟಿಯಲ್ಲಿ ಖಚಿತ ಮಾಡಿಕೊಳ್ಳಿ. ಯಾವ ಸ್ಟೋರೇಜ್ ಆದರೂ ಹತ್ತರಲ್ಲಿ ಒಂದೆರಡು ಪಾಲು ಖಾಲಿ ಬಿಡಿ, ತುಂಬಿತೆಂದರೆ ಒಳ್ಳೆಯ ಚಿಪ್ಪೂ ತೆವಳುತ್ತದೆ.

ಮದುವಿ ವಿಡಿಯೊ, ರೀಲ್ಸ್ ಮಾಡ್ತೀವಿ. 108 ಮೆಗಾಪಿಕ್ಸೆಲ್ ಇದ್ರ ಸಾಕಲ್ಲ?

ಮೆಗಾಪಿಕ್ಸೆಲ್ ಕ್ಯಾಮೆರಾದ್ದು, ವಿಡಿಯೊದ ಮಿತಿ ಚಿಪ್ಪಿನದು. ಸ್ನ್ಯಾಪ್‌ಡ್ರಾಗನ್ 680, 695, 6ಎಸ್ ಜೆನ್ 3, 4 ಜೆನ್ 2 ಇರುವ ಫೋನುಗಳು 1080ಪಿಗೇ ನಿಲ್ಲುತ್ತವೆ. ಹೀಲಿಯೋ ಜಿ99, ಡೈಮೆನ್ಸಿಟಿ 6300 ಇವು 2ಕೆವರೆಗೆ. 4ಕೆ ಬೇಕಿದ್ದರೆ ಡೈಮೆನ್ಸಿಟಿ 7050, 7300, ಸ್ನ್ಯಾಪ್‌ಡ್ರಾಗನ್ 7ರ ದರ್ಜೆ. 108 ಮೆಗಾಪಿಕ್ಸೆಲ್ ಕ್ಯಾಮೆರಾ ಹಾಕಿ 4ಕೆ ಬಾರದ ಫೋನುಗಳು ಮಾರುಕಟ್ಟೆಯಲ್ಲಿ ಬಂದಿವೆ, ಪೆಟ್ಟಿಗೆ ಮೇಲಿನ ದೊಡ್ಡ ಅಂಕಿ ನಂಬಬೇಡಿ.

ಇನ್ನೊಂದು ಮಾತು: ವೈಶಾಖದ ಮದುವೆಯಲ್ಲಿ ಹೊರಗೆ ನಿಂತು 4ಕೆ 60 ಫ್ರೇಮ್ ಹಿಡಿದರೆ ಯಾವ ಫೋನಾದರೂ ಬೇಗ ಬಿಸಿಯಾಗುತ್ತದೆ. 4ಕೆ 30 ಫ್ರೇಮ್‌ಗೆ ಇಳಿಸಿ, ಐದು ನಿಮಿಷಕ್ಕೊಂದು ತುಂಡಾಗಿ ಹಿಡಿಯಿರಿ, ನಡುವೆ ಪವರ್ ಬ್ಯಾಂಕ್ ಚುಚ್ಚಬೇಡಿ. ಅಕ್ಷತೆ ಬೀಳುವ ಹೊತ್ತಿಗೆ ಫೋನ್ ಕೈಕೊಡುವುದಿಲ್ಲ.

ಬಿಜಿಎಂಐ, ಫ್ರೀ ಫೈರ್ ಆಡೋ ಹುಡುಗರಿಗೆ?

ಸ್ಥಿರ 60 ಫ್ರೇಮ್‌ಗೆ ಡೈಮೆನ್ಸಿಟಿ 7300 ಅಥವಾ ಸ್ನ್ಯಾಪ್‌ಡ್ರಾಗನ್ 7ಎಸ್ ಜೆನ್ 3 ಮಟ್ಟ. 90ಕ್ಕೆ ಡೈಮೆನ್ಸಿಟಿ 8300, 7 ಪ್ಲಸ್ ಜೆನ್ 3, 8ಎಸ್ ಜೆನ್ 3. ಒಂದೇ ಚಿಪ್ ಇರುವ ಎರಡು ಫೋನಿನಲ್ಲಿ ಆವಿಯ ಕೋಣೆ, ಅಂದರೆ ವೇಪರ್ ಚೇಂಬರ್, ದೊಡ್ಡದಿರುವುದನ್ನು ಆರಿಸಿ. ಅದು ಚಿಪ್ಪಿನ ಬಿಸಿಯನ್ನು ಇಡೀ ಹಿಂಬದಿಗೆ ಹರಡುತ್ತದೆ. ಚಾರ್ಜ್ ಹಾಕಿಕೊಂಡು ಆಡುವ ಅಭ್ಯಾಸ ಬಿಡಿಸಿ, ಬ್ಯಾಟರಿ ಮತ್ತು ಚಿಪ್ ಒಟ್ಟಿಗೆ ಕಾದರೆ ಎರಡಕ್ಕೂ ಪೆಟ್ಟು.

ಬೆಳೆ ಸಮೀಕ್ಷೆ, ಹಾಜರಿ ಹಾಕೋ ಕೆಲಸಕ್ಕ ಫೋನ್ ಬೇಕು. ದಿನಾ ಹೊಲದಾಗ ನಿಲ್ಲಬೇಕು.

ಹೊಲದಲ್ಲಿ ನಿಂತು ಬೆಳೆ ಸಮೀಕ್ಷೆ ಆ್ಯಪ್‌ನಲ್ಲಿ ಫೋಟೊ ತೆಗೆಯುವವರು, ಕೂಲಿಕಾರರ ಹಾಜರಾತಿಯನ್ನು ಫೋಟೊ ಸಮೇತ ಹಾಕುವ ಕಾಯಕ ಬಂಧುಗಳು, ಅಂಗನವಾಡಿಯಲ್ಲಿ ಪೋಷಣ್ ಟ್ರ್ಯಾಕರ್ ಬಳಸುವವರು: ಇವರ ಫೋನ್ ಆಟಗಾರರ ಫೋನಿಗಿಂತ ಹೆಚ್ಚು ಕಷ್ಟ ಪಡುತ್ತದೆ. ಕ್ಯಾಮೆರಾ, ಜಿಪಿಎಸ್, ದುರ್ಬಲ ಸಿಗ್ನಲ್, ಪೂರ್ತಿ ಬ್ರೈಟ್‌ನೆಸ್ ನಾಲ್ಕೂ ಒಮ್ಮೆಲೇ, ಅದೂ ನೆತ್ತಿ ಮೇಲಿನ ಬಿಸಿಲಿನಲ್ಲಿ. ಇವರಿಗೆ ಕೊಡುವ ಫೋನ್ ಅಗ್ಗದ್ದಾದರೂ ಆಗುತ್ತದೆ ಎನ್ನುವ ಲೆಕ್ಕ ತಪ್ಪು. ಕನಿಷ್ಠ 6 ನ್ಯಾನೋಮೀಟರಿನ, ಸಾಧ್ಯವಾದರೆ 4ರ ಚಿಪ್, ಜೊತೆಗೆ 6 ಜಿಬಿ ರ‍್ಯಾಮ್, ಯುಎಫ್‌ಎಸ್ ಸ್ಟೋರೇಜ್ ಇರಲಿ.

ಸರ್ವೆ ನಂಬರಿನ ಗಡಿಯೊಳಗೆ ನಿಂತರೂ «ಹೊರಗಿದ್ದೀರಿ» ಎಂದು ಆ್ಯಪ್ ಹಟ ಮಾಡುತ್ತಿದ್ದರೆ ಜಿಪಿಎಸ್ ನೋಡಿ. ಎಲ್1 ಜೊತೆ ಎಲ್5 ಅಲೆಯನ್ನೂ ಹಿಡಿಯುವ ಫೋನಿನಲ್ಲಿ ಸ್ಥಳ ಹೆಚ್ಚು ನಿಖರ ಬರುತ್ತದೆ. ಚಿಪ್‌ಗೆ ಆ ಶಕ್ತಿ ಇದ್ದರೂ ಕೆಲವು ಕಂಪನಿಗಳು ಆಂಟೆನಾ ಕೊಟ್ಟಿರುವುದಿಲ್ಲ. ಜಿಪಿಎಸ್‌ಟೆಸ್ಟ್ ಎಂಬ ಉಚಿತ ಆ್ಯಪ್ ಹಾಕಿ ಬಯಲಿನಲ್ಲಿ ಎರಡು ನಿಮಿಷ ನಿಂತರೆ ಉಪಗ್ರಹಗಳ ಪಟ್ಟಿಯಲ್ಲಿ ಎಲ್5 ಕಾಣುತ್ತದೋ ಇಲ್ಲವೋ ಗೊತ್ತಾಗುತ್ತದೆ. ಫೋಟೊ ತೆಗೆಯುವ ಮೊದಲು ಅರ್ಧ ನಿಮಿಷ ಲೊಕೇಶನ್ ನೆಲೆಯಾಗಲು ಬಿಡಿ, ಆ್ಯಪ್ ತೆರೆದ ಕೂಡಲೇ ಒತ್ತಿದರೆ ಹಳೆಯ ಜಾಗವೇ ದಾಖಲಾಗಬಹುದು.

ಅಂಗಡ್ಯಾಗ ನಿಂತು ಏನೇನು ನೋಡಬೇಕು?

ಸೆಟ್ಟಿಂಗ್ಸ್ ತೆರೆದು «ಫೋನ್ ಕುರಿತು» ಒತ್ತಿ, ಪ್ರೊಸೆಸರ್‌ನ ಪೂರ್ತಿ ಹೆಸರು ಓದಿ. ಬರೀ «ಆಕ್ಟಾ ಕೋರ್ 2.0 ಗಿಗಾಹರ್ಟ್ಸ್» ಎಂದಿದ್ದರೆ ಕಂಪನಿಯ ಜಾಲತಾಣದಲ್ಲಿ ಮಾಡೆಲ್ ಸಂಖ್ಯೆ ಹಾಕಿ ಹುಡುಕಿ. 4ಜಿ, 5ಜಿ ಆವೃತ್ತಿಗಳಿಗೆ ಹೆಸರು ಒಂದೇ ಇದ್ದು ಚಿಪ್ ಬೇರೆ ಇರುವುದು ಸಾಮಾನ್ಯ. ಡೆಮೊ ಫೋನಿನ ಕ್ಯಾಮೆರಾದಲ್ಲಿ ವಿಡಿಯೊ ಸೆಟ್ಟಿಂಗ್ ತೆರೆದು ಗರಿಷ್ಠ ಎಷ್ಟಿದೆ ನೋಡಿ. ಎಂಟ್ಹತ್ತು ಆ್ಯಪ್ ಒಂದರ ಹಿಂದೊಂದು ತೆರೆದು ಮೊದಲನೆಯದಕ್ಕೆ ಮರಳಿ: ಅದು ಬಿಟ್ಟಲ್ಲಿಂದ ಶುರುವಾದರೆ ರ‍್ಯಾಮ್ ಸಾಕಷ್ಟಿದೆ, ಮತ್ತೆ ಮೊದಲಿಂದ ತೆರೆದರೆ ಸಾಲದು. ಎಸಿ ಅಂಗಡಿಯಲ್ಲಿ ಬಿಸಿಯ ಅಂದಾಜು ಸಿಗುವುದಿಲ್ಲ, ಅದನ್ನು ಮನೆಯಲ್ಲೇ ಅಳೆಯಬೇಕು.

ಮನ್ಯಾಗ ಬಿಸಿ ಪರೀಕ್ಷೆ ಹ್ಯಾಂಗ ಮಾಡಬೇಕು?

ವಾಪಸ್ ಕೊಡುವ ಅವಧಿ ಮುಗಿಯುವುದರೊಳಗೆ ಮಾಡಿ. ಮೊದಲ ದಿನ ಬೇಡ, ಹೊಸ ಫೋನ್ ಅಪ್‌ಡೇಟ್, ಫೋಟೊ ವಿಂಗಡಣೆ ಎಂದು ಹಿನ್ನೆಲೆಯಲ್ಲಿ ದುಡಿಯುತ್ತಿರುತ್ತದೆ. ಎರಡನೇ ದಿನ, ಬ್ಯಾಟರಿ 80ರ ಆಸುಪಾಸು ಇರುವಾಗ, ಕವರ್ ತೆಗೆದು, ಚಾರ್ಜರ್ ಬಿಚ್ಚಿ, ಮರದ ಮೇಜಿನ ಮೇಲಿಡಿ. ಸಿಪಿಯು ಥ್ರಾಟ್ಲಿಂಗ್ ಟೆಸ್ಟ್ ಎಂಬ ಆ್ಯಪ್‌ನಲ್ಲಿ 15 ನಿಮಿಷದ ಪರೀಕ್ಷೆ ಓಡಿಸಿ. ಬೆಳಿಗ್ಗೆ ಆರಕ್ಕೊಮ್ಮೆ, ಮಧ್ಯಾಹ್ನ ಪಡಸಾಲೆಯ ನೆರಳಿನಲ್ಲಿ ಇನ್ನೊಮ್ಮೆ. ನೇರ ಬಿಸಿಲಿಗೆ ಮಾತ್ರ ಇಡಬೇಡಿ, ಬ್ಯಾಟರಿಗೆ ಹಾನಿ.

ಕೊನೆಯಲ್ಲಿ ಗರಿಷ್ಠ ವೇಗದ ಶೇಕಡ ಎಷ್ಟು ಉಳಿಯಿತು ಎಂದು ತೋರಿಸುತ್ತದೆ. ನಾವು ಇಟ್ಟುಕೊಂಡ ಅಳತೆ ಇಷ್ಟು: ಮಧ್ಯಾಹ್ನವೂ 85 ದಾಟಿದರೆ ಒಳ್ಳೆಯದು, 70ರಿಂದ 85 ನಡೆಯುತ್ತದೆ, 70ಕ್ಕಿಂತ ಕೆಳಗಾದರೆ ಮರಳಿ ಕೊಡುವುದನ್ನು ಯೋಚಿಸಿ. ಶೇಕಡ ಒಂದನ್ನೇ ಹಿಡಿಯಬೇಡಿ. ದೊಡ್ಡ ಚಿಪ್ ಶೇಕಡ 70ಕ್ಕೆ ಇಳಿದರೂ ಸಣ್ಣ ಚಿಪ್ಪಿನ 95ಕ್ಕಿಂತ ಮುಂದಿರಬಹುದು. ಅದಕ್ಕೆ ಕೊನೆಯ ಐದು ನಿಮಿಷದ ನೇರ ಅಂಕಿಯನ್ನೂ ಬರೆದಿಟ್ಟುಕೊಳ್ಳಿ.

ಆಂಟುಟು ಸ್ಕೋರ್ ನಂಬಬಹುದಾ?

ಆಂಟುಟು, ಗೀಕ್‌ಬೆಂಚ್ ಫೋನಿನ ವೇಗ ಅಳೆದು ಅಂಕ ಕೊಡುವ ಆ್ಯಪ್‌ಗಳು. ದರ್ಜೆ ತಿಳಿಯಲು ಸಾಕು. ಆಂಟುಟು ಮೊತ್ತದಲ್ಲಿ ಆಟದ ಶಕ್ತಿಯ ತೂಕ ಹೆಚ್ಚು. ದಿನಬಳಕೆಯ ಚುರುಕಿಗೆ ಗೀಕ್‌ಬೆಂಚ್ 6ರ ಸಿಂಗಲ್ ಕೋರ್ ಅಂಕಿ ಹೆಚ್ಚು ಹತ್ತಿರ: ಹೀಲಿಯೋ ಜಿ99 ಸುಮಾರು 700, ಡೈಮೆನ್ಸಿಟಿ 7300 ಸುಮಾರು 1,000, ಸ್ನ್ಯಾಪ್‌ಡ್ರಾಗನ್ 8 ಜೆನ್ 3 2,000ದ ಮೇಲೆ, 8 ಎಲೈಟ್ 3,000ದ ಆಸುಪಾಸು. 100 ಅಂಕದ ಅಂತರ ಕೈಗೆ ಗೊತ್ತಾಗುವುದಿಲ್ಲ, ಅದಕ್ಕೆ ಜಗಳವಾಡಬೇಡಿ.

ಸೆಕೆಂಡ್ ಹ್ಯಾಂಡ್ ದೊಡ್ಡ ಫೋನ್ ಅಗ್ಗಕ್ಕ ಸಿಗ್ತದ. ತಗೊಳ್ಳಬಹುದಾ?

ಚಿಪ್ ನೋಡಿ ತೆಗೆದುಕೊಳ್ಳಿ. ಸ್ನ್ಯಾಪ್‌ಡ್ರಾಗನ್ 888 ಮತ್ತು 8 ಜೆನ್ 1 ಇರುವುದು ಎಷ್ಟೇ ಅಗ್ಗವಾದರೂ ನಮ್ಮ ಕಡೆಗೆ ಬೇಡ. ಸ್ನ್ಯಾಪ್‌ಡ್ರಾಗನ್ 870, 8 ಪ್ಲಸ್ ಜೆನ್ 1, 8 ಜೆನ್ 2 ತಣ್ಣಗಿನವು, ಟಿಎಸ್‌ಎಂಸಿಯವು. ಸೆಕ್ಯುರಿಟಿ ಅಪ್‌ಡೇಟ್ ದಿನಾಂಕ ನೋಡಿ, ವರ್ಷಕ್ಕಿಂತ ಹಳೆಯದಾದರೆ ಬ್ಯಾಂಕಿನ ಕೆಲಸಕ್ಕೆ ಅದನ್ನು ಬಳಸದಿರುವುದು ಕ್ಷೇಮ. ಹೊಸ ಬ್ಯಾಟರಿಯ ಖರ್ಚನ್ನೂ ಬೆಲೆಗೆ ಸೇರಿಸಿ ಲೆಕ್ಕ ಹಾಕಿ.

ಹಣ ಕೊಡುವ ಮೊದಲು *#06# ಒತ್ತಿ ಫೋನಿನ ಗುರುತಿನ ಐಎಂಇಐ ಸಂಖ್ಯೆ ಪಡೆಯಿರಿ. ಮೆಸೇಜಿನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಕೆವೈಎಂ ಎಂದು ಬರೆದು, ಒಂದು ಜಾಗ ಬಿಟ್ಟು ಆ 15 ಅಂಕಿ ಸೇರಿಸಿ 14422ಕ್ಕೆ ಕಳಿಸಿ. ಕದ್ದದ್ದೆಂದು ದಾಖಲಾಗಿ ತಡೆಹಿಡಿದ ಫೋನಾಗಿದ್ದರೆ ಉತ್ತರದಲ್ಲಿ ತಿಳಿಯುತ್ತದೆ. ಕೇಂದ್ರ ಸರ್ಕಾರದ ಸಂಚಾರ್ ಸಾಥಿ ಜಾಲತಾಣದಲ್ಲೂ ನೋಡಬಹುದು.

ಬೈಕಿಗೆ ಫೋನ್ ಹಾಕಿ ಮ್ಯಾಪ್ ನೋಡ್ತೀನಿ, ಅರ್ಧ ತಾಸಿಗೆ ಬಂದ್ ಆಗ್ತದ.

ಬಿಸಿಲು ನೇರ ಪರದೆಗೆ, ಬ್ರೈಟ್‌ನೆಸ್ ಪೂರ್ತಿ, ಜಿಪಿಎಸ್ ಚಾಲೂ, ಮೇಲಿಂದ ಚಾರ್ಜಿಂಗ್. ಗಾಳಿ ಬೀಸುತ್ತದೆ ನಿಜ, ಆ ಗಾಳಿಯೇ 42 ಡಿಗ್ರಿ. ಹೊರಡುವ ಮೊದಲೇ ಮ್ಯಾಪನ್ನು ಆಫ್‌ಲೈನ್ ಇಳಿಸಿಕೊಂಡು ನೆಟ್‌ವರ್ಕ್ 4ಜಿಗೆ ಇಳಿಸಿ, ಕಪ್ಪು ಕವರ್ ತೆಗೆಯಿರಿ, ಓಡಿಸುವಾಗ ಚಾರ್ಜ್ ಮಾಡಬೇಡಿ. ತಿರುವುಗಳನ್ನು ಕಿವಿಯ ಇಯರ್‌ಫೋನ್‌ನಲ್ಲಿ ಕೇಳುತ್ತಾ ಹೋದರೆ ಟ್ರಾಫಿಕ್ ಸದ್ದು ಕೇಳದೆ ಅಪಾಯ. ಫೋನನ್ನು ಜೇಬಿನಲ್ಲಿಟ್ಟು ಕೂಡುರಸ್ತೆ ಬಂದಾಗ ನಿಲ್ಲಿಸಿ ನೋಡುವುದು ಲೇಸು. ಹ್ಯಾಂಡಲ್‌ನ ನಡುಕದಿಂದ ಕ್ಯಾಮೆರಾದ ಒಐಎಸ್, ಅಂದರೆ ಚಿತ್ರ ಅಲುಗದಂತೆ ತಡೆಯುವ ಭಾಗ, ಹಾಳಾಗುವ ಸಾಧ್ಯತೆಯೂ ಇದೆ, ಆಪಲ್ ಈ ಬಗ್ಗೆ ಎಚ್ಚರಿಸಿದೆ.

ಬಿಸಿ ಆದ ಫೋನನ್ನ ಫ್ರಿಜ್‌ನ್ಯಾಗ ಇಟ್ರ ಬೇಗ ತಣ್ಣಗಾಗ್ತದಲ್ಲ?

ಬೇಡ. ಫ್ರಿಜ್ಜಿನಿಂದ ತೆಗೆದಾಗ ಹೊರಗಿನ ಗಾಳಿಯ ತೇವ ಒಳಗಿನ ಬೋರ್ಡಿನ ಮೇಲೆ ಹನಿಯಾಗಿ ಕೂರುತ್ತದೆ, ಜಾಯಿಂಟುಗಳಿಗೆ ತುಕ್ಕು ಹಿಡಿಯುತ್ತದೆ. ನೀರಿನ ಕೊಡಕ್ಕೆ ಒತ್ತಿ ಹಿಡಿಯುವುದೂ ಬೇಡ. ಕವರ್ ತೆಗೆದು, ಏರ್‌ಪ್ಲೇನ್ ಮೋಡ್ ಹಾಕಿ, ಪರದೆ ಆರಿಸಿ, ಫ್ಯಾನಿನ ಕೆಳಗೆ ಕಲ್ಲಿನ ನೆಲದ ಮೇಲೆ ಹತ್ತು ನಿಮಿಷ ಬೋರಲಾಗಿ ಇಡಿ. ಶಹಾಬಾದ್ ಕಲ್ಲು ಹಾಸಿದ ಮನೆಯಾದರೆ ಇನ್ನೂ ಬೇಗ ಇಳಿಯುತ್ತದೆ, ಕಲ್ಲು ಬಿಸಿಯನ್ನು ಚೆನ್ನಾಗಿ ಎಳೆದುಕೊಳ್ಳುತ್ತದೆ. ಚಾರ್ಜರ್ ಹಾಕುವುದು ಹಿಂಬದಿ ಮುಟ್ಟಿದರೆ ಬೆಚ್ಚಗೆ ಅನ್ನಿಸದಷ್ಟು ಇಳಿದ ಮೇಲೆ.